ಬರೆಯುವುದಲ್ಲ, ಕರೆಯುವುದು: ಚೀನಾದ ಕೀಲಿಮಣೆಯ ಒಳಹೊರಗು

ಬೀಜಿಂಗಿನ ಕಚೇರಿಯ ಕಂಪ್ಯೂಟರಿಗೂ ಬೆಂಗಳೂರಿನ ಕಚೇರಿಯ ಕಂಪ್ಯೂಟರಿಗೂ ಕೀಲಿಮಣೆ ಒಂದೇ. ಅದೇ 26 ಇಂಗ್ಲಿಷ್ ಅಕ್ಷರಗಳು, ಅದೇ ಸಾಲು, ಅದೇ ಜಾಗ. ಚೀನೀ ಲಿಪಿಯ ಒಂದು ಗೆರೆಯೂ ಸಾಮಾನ್ಯವಾಗಿ ಅದರ ಮೇಲೆ ಅಚ್ಚಾಗಿರುವುದಿಲ್ಲ. ಆದರೂ ಅಲ್ಲಿ ಕೂತವರು ದಿನವಿಡೀ ಚೀನೀ ಭಾಷೆಯಲ್ಲೇ ಪತ್ರ, ಬಿಲ್ಲು, ವರದಿ ಟೈಪ್ ಮಾಡುತ್ತಾರೆ. ಚೀನಾ ಸರ್ಕಾರ 2013ರಲ್ಲಿ ಹೊರಡಿಸಿದ ಪ್ರಮಾಣಿತ ಪಟ್ಟಿಯಲ್ಲಿ 8,105 ಅಕ್ಷರಗಳಿವೆ. ದಿನಬಳಕೆಗೆ ಬೇಕಾದವೇ 3,500. ಇಷ್ಟೊಂದು ಅಕ್ಷರಗಳು 26 ಕೀಲಿಗಳಿಂದ ಹೊರಬರುವುದು ಹೇಗೆ ಎಂದು ತಿಳಿದರೆ ಆ ಸಮಾಜದ ಶಾಲೆ, ಮಾತು, ಕಾನೂನು, ಹೆಸರು ಎಲ್ಲದರ ಕಡೆಗೂ ಒಂದೊಂದು ಕಿಟಕಿ ತೆರೆಯುತ್ತದೆ.

ನಮ್ಮದರಿಂದಲೇ ಹೊರಡೋಣ. ಕೆ.ಪಿ. ರಾವ್ ವಿನ್ಯಾಸದ ನುಡಿ ಕೀಲಿಮಣೆಯಲ್ಲಿ ಕೆ ಒತ್ತಿದರೆ ಕ ಮೂಡುತ್ತದೆ. ಅದರ ಮೇಲೆ ಎಫ್, ಆರ್ ಒತ್ತಿದರೆ ಕ್ರ ಆಗುತ್ತದೆ. ಯಾವ ಕೀಲಿಗೆ ಏನು ಬರುತ್ತದೆ ಎನ್ನುವುದು ಮೊದಲೇ ನಿಗದಿಯಾಗಿದೆ, ಒತ್ತಿದವನಿಗೆ ಅನುಮಾನವೇ ಇಲ್ಲ. ಚೀನಾದಲ್ಲಿ ಒತ್ತುವ ಕೀಲಿ ಅಕ್ಷರದ ಸುಳಿವು ಮಾತ್ರ. ಮೂವರು ಮಂಜುನಾಥರಿರುವ ತರಗತಿಯಲ್ಲಿ ಮೇಷ್ಟ್ರು "ಮಂಜುನಾಥ" ಎಂದು ಕೂಗಿದರೆ ಮೂವರೂ ಎದ್ದು ನಿಲ್ಲುತ್ತಾರೆ. ಆಮೇಲೆ ಬೆರಳು ತೋರಿಸಿ "ನೀನು" ಎನ್ನಬೇಕು. ಚೀನೀ ಟೈಪಿಂಗ್ ನಡೆಯುವುದು ಹೀಗೆಯೇ. ಮೊದಲು ಕೂಗು, ನಂತರ ಆಯ್ಕೆ. ಈ ಕೆಲಸ ಮಾಡಿಕೊಡುವ ತಂತ್ರಾಂಶಕ್ಕೆ ಅಲ್ಲಿ ಶುರುಫಾ ಎನ್ನುತ್ತಾರೆ. ಒಳಸೇರಿಸುವ ವಿಧಾನ ಎಂಬುದು ಅದರ ಅರ್ಥ.

ಉಚ್ಚಾರಣೆ ಹಿಡಿದು ಕರೆಯುವುದು

ಬಹುಪಾಲು ಜನ ಬಳಸುವುದು ಪಿನ್‌ಯಿನ್. ಇದು ಚೀನೀ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಕ್ರಮ. 1958ರ ಫೆಬ್ರವರಿ 11ರಂದು ಅಲ್ಲಿನ ಸಂಸತ್ತು ಇದನ್ನು ಒಪ್ಪಿತು. ರೂಪಿಸಿದ ಸಮಿತಿಯಲ್ಲಿ ಪ್ರಮುಖರಾಗಿದ್ದ ಝೌ ಯೌಗುವಾಂಗ್ ಮೂಲತಃ ಅರ್ಥಶಾಸ್ತ್ರಜ್ಞರು. 1906ರಲ್ಲಿ ಹುಟ್ಟಿ 2017ರವರೆಗೆ ಬದುಕಿದ ಅವರು ತಮ್ಮ ಪಿನ್‌ಯಿನ್ ಕೋಟ್ಯಂತರ ಫೋನುಗಳಲ್ಲಿ ಕೂತದ್ದನ್ನು ಕಣ್ಣಾರೆ ಕಂಡರು. ಅಕ್ಷರದ ಓದು ಹೇಳಿಕೊಡಲು ಹುಟ್ಟಿದ ಪದ್ಧತಿ ಮುಂದೆ ಟೈಪಿಂಗಿನ ಬೆನ್ನೆಲುಬಾಯಿತು. ಮಕ್ಕಳು ಇದನ್ನು ಒಂದನೇ ತರಗತಿಯಲ್ಲೇ ಕಲಿಯುತ್ತಾರೆ.

ಕನ್ನಡಿಗರು ಪಿನ್‌ಯಿನ್ ಓದುವಾಗ ಒಂದು ವಿಷಯ ನೆನಪಿಡಬೇಕು. ಅಲ್ಲಿ ಬಿ ಎಂದು ಬರೆದದ್ದರ ಧ್ವನಿ ನಮ್ಮ ಪ, ಪಿ ಎಂದು ಬರೆದದ್ದು ಅದರ ಮಹಾಪ್ರಾಣ. ಜಿ ಎಂದರೆ ಕ, ಕೆ ಎಂದರೆ ಖ. ಕ್ಯೂ ಅಕ್ಷರದ ಧ್ವನಿ ಛಕ್ಕೆ ಹತ್ತಿರ, ಎಕ್ಸ್ ಶಕ್ಕೆ ಹತ್ತಿರ. ನಾವು ಬೀಜಿಂಗ್ ಎನ್ನುವ ಊರನ್ನು ಅಲ್ಲಿಯವರು ಹೆಚ್ಚುಕಡಿಮೆ "ಪೇಯ್‌ಚಿಂಗ್" ಎನ್ನುತ್ತಾರೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಕಿವಿಗೆ ಹೊಕ್ಕಿರುವ ನಮಗೆ ಇದು ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ಬೇಗ ಒಗ್ಗುತ್ತದೆ.

ಕಷ್ಟವಿರುವುದು ಲೆಕ್ಕದಲ್ಲಿ. ಚೀನಾದ ಅಧಿಕೃತ ಮಾತಾದ ಮ್ಯಾಂಡರಿನ್ ಭಾಷೆಯಲ್ಲಿ ಸ್ವರದ ಏರಿಳಿತ ಬಿಟ್ಟರೆ ಸುಮಾರು 400 ಉಚ್ಚಾರಗಳಷ್ಟೇ ಇವೆ. 8,105 ಅಕ್ಷರಗಳನ್ನು ಅವಕ್ಕೆ ಹಂಚಿದರೆ ಸರಾಸರಿ ಒಂದೊಂದಕ್ಕೆ ಇಪ್ಪತ್ತು ಅಕ್ಷರ ಬೀಳುತ್ತದೆ. ಯಿ, ಶಿ, ಜಿ ಮುಂತಾದವುಗಳಲ್ಲಂತೂ ಜಾತ್ರೆಯೇ ನೆರೆದಿದೆ. ಮಾತಿನಲ್ಲಿ ನಾಲ್ಕು ಸ್ವರಗಳು ಇವನ್ನು ಬೇರ್ಪಡಿಸುತ್ತವೆ. ಮಾ ಎಂಬುದನ್ನು ಸಮಸ್ವರದಲ್ಲಿ ಹೇಳಿದರೆ ತಾಯಿ, ಏರಿಸಿದರೆ ಸೆಣಬು, ಇಳಿಸಿ ಏರಿಸಿದರೆ ಕುದುರೆ, ಒಮ್ಮೆಲೇ ಇಳಿಸಿದರೆ ಬೈಯುವುದು. ಟೈಪ್ ಮಾಡುವಾಗ ಯಾರೂ ಸ್ವರ ಸೂಚಿಸುವುದಿಲ್ಲ, ಅಷ್ಟು ಪುರುಸೊತ್ತು ಇರುವುದಿಲ್ಲ. ಹಾಗಾಗಿ ನಾಲ್ವರೂ ಒಟ್ಟಿಗೆ ಎದ್ದು ನಿಲ್ಲುತ್ತಾರೆ.

"ನಾನು ನಾಳೆ ಬೀಜಿಂಗಿಗೆ ಹೋಗುತ್ತೇನೆ" ಎನ್ನುವುದಕ್ಕೆ ಚೀನೀ ಭಾಷೆಯಲ್ಲಿ ಆರು ಅಕ್ಷರ ಸಾಕು. ಪಿನ್‌ಯಿನ್‌ನಲ್ಲಿ ಪೂರ್ತಿ ಹೊಡೆದರೆ 19 ಕೀಲಿ. ಹೊಡೆಯುತ್ತ ಹೋದಂತೆ ಇಂಗ್ಲಿಷ್ ಅಕ್ಷರಗಳು ಅಡಿಗೆರೆಯೊಂದಿಗೆ ತಾತ್ಕಾಲಿಕವಾಗಿ ಕಾಣುತ್ತವೆ, ಕೆಳಗೆ ಪುಟ್ಟ ಪಟ್ಟಿಯಲ್ಲಿ ಉಮೇದುವಾರ ಪದಗಳು 1, 2, 3 ಎಂಬ ಸಂಖ್ಯೆಯೊಂದಿಗೆ ಸಾಲಾಗಿ ನಿಲ್ಲುತ್ತವೆ. ಮೊದಲನೆಯದೇ ಸರಿಯಿದ್ದರೆ ಸ್ಪೇಸ್ ಒತ್ತಬೇಕು. ಬೇರೆ ಬೇಕಿದ್ದರೆ ಅದರ ಸಂಖ್ಯೆ ಒತ್ತಬೇಕು. ಇಲ್ಲಿ ಹೊಸಬರು ತಪ್ಪದೆ ಎಡವುವ ಜಾಗ ಎಂಟರ್ ಕೀಲಿ. ಅದನ್ನು ಒತ್ತಿದರೆ ಬಹುತೇಕ ತಂತ್ರಾಂಶಗಳಲ್ಲಿ ಪಟ್ಟಿ ಮಾಯವಾಗಿ ಇಂಗ್ಲಿಷ್ ಅಕ್ಷರಗಳೇ ಪುಟಕ್ಕೆ ಬಿದ್ದುಬಿಡುತ್ತವೆ.

ಪಳಗಿದ ಕೈಗಳು 19 ಕೀಲಿಗಳನ್ನು ಒತ್ತುವುದೇ ಇಲ್ಲ. ಪ್ರತಿ ಉಚ್ಚಾರದ ಮೊದಲ ಅಕ್ಷರ ಮಾತ್ರ ಹೊಡೆಯುತ್ತವೆ: ಡಬ್ಲ್ಯೂ, ಎಂ, ಟಿ, ಕ್ಯೂ, ಬಿ, ಜೆ. ಆರು ಕೀಲಿ, ಒಂದು ಸ್ಪೇಸ್, ವಾಕ್ಯ ಸಿದ್ಧ. ಚಿಕ್ಕ ಮಾತಿಗೆ ಇದು ಸೊಗಸು. ಉದ್ದದ ಅಥವಾ ಅಪರೂಪದ ವಾಕ್ಯಕ್ಕೆ ಇದೇ ಉಪಾಯ ಹೂಡಿದರೆ ಊಹೆ ದಾರಿ ತಪ್ಪುತ್ತದೆ, ತಿದ್ದಲು ಉಳಿಸಿದ ಸಮಯಕ್ಕಿಂತ ಹೆಚ್ಚು ಹೋಗುತ್ತದೆ. ಇವೆರಡರ ನಡುವಿನ ದಾರಿ ಶುವಾಂಗ್‌ಪಿನ್, ಅಂದರೆ ಜೋಡಿ ಪಿನ್‌ಯಿನ್. ಇದರಲ್ಲಿ ಯಾವ ಉಚ್ಚಾರಕ್ಕೂ ಎರಡೇ ಕೀಲಿ. ಆರು ಅಕ್ಷರ ಹಿಡಿಯುವ "ಝುವಾಂಗ್" ಎಂಬುದು ಶಿಯಾವ್‌ಹ ಎಂಬ ಜನಪ್ರಿಯ ವಿನ್ಯಾಸದಲ್ಲಿ ವಿ, ಎಲ್ ಎರಡರಲ್ಲೇ ಮುಗಿಯುತ್ತದೆ. ಯಾವ ಕೀಲಿ ಯಾವ ಧ್ವನಿಗೆ ಎಂಬ ಕೋಷ್ಟಕ ಬಾಯಿಪಾಠವಾಗಬೇಕು, ಅದೊಂದೇ ತೊಡಕು.

ಒಳಗೆ ಕೂತ ತಂತ್ರಾಂಶಕ್ಕೆ ಎರಡು ಕೆಲಸ. ಮೊದಲನೆಯದು ಕತ್ತರಿಸುವುದು. ಎಫ್, ಎ, ಎನ್, ಜಿ, ಎ, ಎನ್ ಎಂದು ಹೊಡೆದರೆ ನಡುವಿನ ಜಿ ಹಿಂದಿನದಕ್ಕೆ ಅಂಟಬೇಕೋ ಮುಂದಿನದಕ್ಕೋ? ಹಿಂದಿನದಕ್ಕೆ ಅಂಟಿದರೆ ಫಾಂಗ್-ಆನ್, ಅಂದರೆ ಯೋಜನೆ. ಮುಂದಿನದಕ್ಕೆ ಅಂಟಿದರೆ ಫಾನ್-ಗಾನ್, ಅಂದರೆ ತಿರಸ್ಕಾರ. ಮೇಲಧಿಕಾರಿಗೆ ಕಳಿಸುವ ಪತ್ರದಲ್ಲಿ ಇವೆರಡು ಅದಲುಬದಲಾದರೆ ಏನಾದೀತು ಎಂದು ಯೋಚಿಸಿ. ಶಿಯಾನ್ ನಗರದ ಹೆಸರಿಗೂ ಇದೇ ಕಾಟ. ಒಂದೇ ಉಚ್ಚಾರವಾಗಿ ಓದಿದರೆ "ಮೊದಲು" ಎಂಬ ಪದ, ಎರಡಾಗಿ ಒಡೆದರೆ ಊರು. ಅದಕ್ಕೇ ನಡುವೆ ಮೇಲುಕೊಕ್ಕೆ ಹಾಕಿ ಒಡೆಯುವ ಪದ್ಧತಿಯಿದೆ.

ಎರಡನೆಯ ಕೆಲಸ ಊಹೆ. ಜಿಶು ಎಂದು ಹೊಡೆದರೆ ತಂತ್ರಜ್ಞಾನ, ಬೆಸಸಂಖ್ಯೆ, ಎಣಿಕೆ ಮೂರೂ ಎದ್ದು ನಿಲ್ಲುತ್ತವೆ. ಹಿಂದೆ "ಕಲಿಯುವುದು" ಎಂಬ ಪದವಿದ್ದರೆ ತಂತ್ರಜ್ಞಾನ ಮುಂದೆ ಬರುತ್ತದೆ. ಯಾವ ಪದದ ಪಕ್ಕ ಯಾವ ಪದ ಎಷ್ಟು ಸಲ ಬರುತ್ತದೆ ಎಂಬ ಲೆಕ್ಕವನ್ನು ಅಪಾರ ಪಠ್ಯದಿಂದ ತೆಗೆದಿಟ್ಟುಕೊಂಡು, ಇಡೀ ವಾಕ್ಯಕ್ಕೆ ಹೆಚ್ಚು ಸಂಭವನೀಯವಾದ ದಾರಿಯನ್ನು ಅದು ಆರಿಸುತ್ತದೆ. 2006ರಲ್ಲಿ ಬಂದ ಸೋಗೋ ಪಿನ್‌ಯಿನ್ ಇದರಲ್ಲಿ ದೊಡ್ಡ ಹೆಜ್ಜೆ ಇಟ್ಟಿತು. ಅದರ ಹಿಂದೆ ಹುಡುಕುತಾಣವಿತ್ತು. ಜನ ನಿನ್ನೆ ಹುಡುಕಿದ ನಟಿಯ ಹೆಸರು, ಹೊಸ ಗಾದೆ, ಹೊಸ ಊಟದ ಹೆಸರು ಬೇಗನೆ ಪಟ್ಟಿಗೆ ಸೇರುತ್ತಿದ್ದವು. ಕನ್ನಡಿಗರಿಗೆ ಇದರ ಪುಟ್ಟ ರೂಪ ಈಗಾಗಲೇ ಪರಿಚಯ. ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ "ನಾನು" ಎಂದು ಹೊಡೆದಾಗ ಮೇಲೆ ಬರುವ ನಾನು, ನನು, ನಾನೂ ಎಂಬ ಸಾಲು ಇಂಥದ್ದೇ.

ಫೋನಿನಲ್ಲಿ ಹಲವರು, ಅದರಲ್ಲೂ ಹಳೆಯ ಬಟನ್ ಫೋನಿನಿಂದ ಬಂದವರು, ಇಂದಿಗೂ ಒಂಬತ್ತು ಚೌಕದ ಕೀಲಿಮಣೆಯನ್ನೇ ಇಟ್ಟುಕೊಂಡಿದ್ದಾರೆ. "ನಿ ಹಾವ್" ಅಂದರೆ ನಮಸ್ಕಾರ, ಅದಕ್ಕೆ 6-4-4-2-6. ಒಂದೇ ಕೈಯಲ್ಲಿ ಮೆಟ್ರೋ ಕಂಬಿ ಹಿಡಿದು ಇನ್ನೊಂದರ ಹೆಬ್ಬೆರಳಿನಲ್ಲಿ ಹೊಡೆಯಲು ದೊಡ್ಡ ಚೌಕಗಳೇ ಅನುಕೂಲ. ಬೆಲೆ ತೆರಬೇಕಾದದ್ದು ಇನ್ನೊಂದು ಸುತ್ತಿನ ಗೊಂದಲ: 6-4 ಎಂದರೆ ನಿ ಆಗಬಹುದು, ಮಿ ಕೂಡ ಆಗಬಹುದು. ಎಡಗಡೆಯ ಪಟ್ಟಿಯಲ್ಲಿ ಯಾವುದೆಂದು ಆರಿಸಬೇಕು.

ಕೈಕೊಡುವ ಜಾಗಗಳು

ಪಿನ್‌ಯಿನ್ ಹೊಡೆಯಲು ಮ್ಯಾಂಡರಿನ್ ಉಚ್ಚಾರಣೆ ಸರಿಯಾಗಿ ಗೊತ್ತಿರಬೇಕು. ಚೀನಾ ಒಂದೇ ಮಾತಿನ ನಾಡಲ್ಲ. ದಕ್ಷಿಣದ ಹಲವು ಕಡೆ ಸ, ಷ ಬೇರೆಯಾಗಿ ಕೇಳುವುದಿಲ್ಲ. ಸಿಚುವಾನ್, ಹುನಾನ್ ಕಡೆಯ ಎಷ್ಟೋ ಜನರ ಬಾಯಲ್ಲಿ ನ, ಲ ಒಂದೇ. ಇನ್ನು ಕೆಲವೆಡೆ ಫ, ಹ ಬೆರೆತಿವೆ. ಆನ್-ಆಂಗ್, ಇನ್-ಇಂಗ್ ಬೆರೆಯುವುದು ಬಹು ವ್ಯಾಪಕ. ಇವರಿಗಾಗಿ ತಂತ್ರಾಂಶಗಳಲ್ಲಿ, ಬೆರೆಯುವ ಧ್ವನಿಗಳನ್ನು ಒಂದೇ ಎಂದು ಎಣಿಸುವ "ಮಸುಕು ಧ್ವನಿ" ಎಂಬ ಹೊಂದಿಕೆ ಇದೆ. ತಮ್ಮ ಊರಿನ ಜೋಡಿಗಳಿಗೆ ಮಾತ್ರ ಗುರುತು ಹಾಕಬೇಕು. ಎಲ್ಲಕ್ಕೂ ಹಾಕಿದರೆ ಉಮೇದುವಾರರ ಪಟ್ಟಿ ಉಬ್ಬಿ, ಬೇಕಾದ ಅಕ್ಷರ ಮೂರನೇ ಪುಟಕ್ಕೆ ಹೋಗುತ್ತದೆ. ಒಂದು ಕೀಲಿಮಣೆ ಸದ್ದಿಲ್ಲದೆ ದೇಶದ ಉಚ್ಚಾರಣೆಯನ್ನು ತಿದ್ದುತ್ತಿದೆ ಎಂದರೆ ಅತಿಶಯವಲ್ಲ. ತನ್ನ ಊರಿನ ಮಾತನ್ನು ಪ್ರೀತಿಸುವ ಯಾರಿಗೂ ಇದು ಹಗುರವಾಗಿ ತೆಗೆದುಕೊಳ್ಳುವ ಸಂಗತಿಯಲ್ಲ.

ಇಂಗ್ಲಿಷಿನಲ್ಲಿಲ್ಲದ ಒಂದು ಸ್ವರಾಕ್ಷರದ ಧ್ವನಿ ಚೀನೀ ಭಾಷೆಯಲ್ಲಿದೆ, ತುಟಿ ದುಂಡಗೆ ಮಾಡಿ "ಈ" ಎಂದಂತೆ. ಪಿನ್‌ಯಿನ್‌ನಲ್ಲಿ ಅದು ಮೇಲೆ ಎರಡು ಚುಕ್ಕೆಯಿರುವ ಯು. ಕೀಲಿಮಣೆಯಲ್ಲಿ ಅದಿಲ್ಲ, ಪಿನ್‌ಯಿನ್‌ಗೆ ವಿ ಅಕ್ಷರ ಬೇಕಿಲ್ಲ. ಹಾಗಾಗಿ ವಿ ಕೀಲಿ ಅದಕ್ಕೆ ಸಿಕ್ಕಿತು. "ಹಸಿರು" ಎಂಬ ಪದಕ್ಕೆ ಎಲ್, ವಿ. "ಹೆಣ್ಣು" ಎಂಬುದಕ್ಕೆ ಎನ್, ವಿ. ಕೀಲಿಮಣೆಯಲ್ಲಿ ಸುಲಭವಾದದ್ದು ದಾಖಲೆಗಳಲ್ಲಿ ತಲೆನೋವಾಯಿತು. ಲ್ಯು ಎಂಬ ಮನೆತನದ ಹೆಸರುಳ್ಳವರ ಪಾಸ್‌ಪೋರ್ಟಿನಲ್ಲಿ ಈಗ ಎಲ್-ವೈ-ಯು ಎಂದು ಬರೆಯುತ್ತಾರೆ. ಹಳೆಯ ಕಾಗದಗಳಲ್ಲಿ ಎಲ್-ಯು, ಎಲ್-ವಿ ಎಂದಿರುವುದುಂಟು. ವಿಮಾನದ ಟಿಕೆಟಿನಲ್ಲಿ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಹಾಕದಿದ್ದರೆ ಕೌಂಟರಿನಲ್ಲಿ ತಡೆಯುತ್ತಾರೆ.

ತಪ್ಪು ಆಯ್ಕೆ ಕಾಗುಣಿತದ ತಪ್ಪಿನಂತೆ ಕಣ್ಣಿಗೆ ಹೊಡೆಯುವುದಿಲ್ಲ, ಇಲ್ಲೇ ದೊಡ್ಡ ಅಪಾಯ. ಬಿದ್ದ ಪದವೂ ಸರಿಯಾದ ಪದವೇ ಆಗಿರುತ್ತದೆ, ಅರ್ಥ ಮಾತ್ರ ಬೇರೆ. ಹಕ್ಕು, ಅಧಿಕಾರ ಎರಡಕ್ಕೂ ಕ್ವಾನ್‌ಲಿ. ಲಾಗಿನ್ ಆಗುವುದಕ್ಕೂ ದಡಕ್ಕೆ ಇಳಿಯುವುದಕ್ಕೂ ದೆಂಗ್‌ಲು. ದುಡ್ಡು ಕಳೆಯುವುದು ದಿಂಗ್‌ಜಿನ್ ಪದದಲ್ಲಿ. ಸ್ವರವೂ ಸೇರಿ ಒಂದೇ ಉಚ್ಚಾರ, ಮೊದಲ ಅಕ್ಷರ ಎರಡು ಬಗೆ. "ನಿಶ್ಚಯ" ಎಂಬ ಅಕ್ಷರ ಹಾಕಿದರೆ ಅದು ಕಾನೂನಿನ ಕಣ್ಣಲ್ಲಿ ಮುಂಗಡ ಠೇವಣಿ. ಕೊಟ್ಟವನು ಮಾತು ತಪ್ಪಿದರೆ ಹಣ ಹೋಯಿತು, ಪಡೆದವನು ತಪ್ಪಿದರೆ ಎರಡರಷ್ಟು ಹಿಂದಿರುಗಿಸಬೇಕು. 2021ರಿಂದ ಜಾರಿಯಲ್ಲಿರುವ ಚೀನಾದ ನಾಗರಿಕ ಸಂಹಿತೆಯ 587ನೇ ವಿಧಿ ಹೇಳುವುದು ಇದನ್ನೇ. "ಕಾದಿರಿಸು" ಎಂಬ ಅಕ್ಷರ ಹಾಕಿದರೆ ಅದು ಬರಿಯ ಮುಂಗಡ, ಎರಡರಷ್ಟು ಕೇಳುವ ಹಕ್ಕು ಅದರಿಂದ ಬರುವುದಿಲ್ಲ. ಪಟ್ಟಿಯಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ನಿಲ್ಲುತ್ತವೆ. ಬಾಡಿಗೆ ಕರಾರು, ಮದುವೆ ಛತ್ರದ ರಸೀದಿ ಏನೇ ಇರಲಿ, ಸಹಿ ಹಾಕುವ ಮುನ್ನ ಈ ಪದವನ್ನು ಕಣ್ಣಿಟ್ಟು ನೋಡಲೇಬೇಕು.

ಇನ್ನೊಂದು ತೊಂದರೆ ತಾನೇ ಕಲಿಯುವ ಗುಣದ್ದು. ಒಮ್ಮೆ ಅವಸರದಲ್ಲಿ ತಪ್ಪು ಪದ ಆರಿಸಿದರೆ ತಂತ್ರಾಂಶ ಅದನ್ನೇ ನಿಮ್ಮ ಇಷ್ಟವೆಂದು ತಿಳಿದು ಮುಂದಿನ ಸಲ ಮೊದಲಿಗೆ ತರುತ್ತದೆ. ಫೋನಿನಲ್ಲಿ ಸಾಮಾನ್ಯವಾಗಿ ಆ ಪದವನ್ನು ಒತ್ತಿ ಹಿಡಿದರೆ ಅಳಿಸುವ ಆಯ್ಕೆ ಬರುತ್ತದೆ. ಪ್ರೋಗ್ರಾಮರುಗಳಿಗೆ ವಿರಾಮಚಿಹ್ನೆಯ ಕಾಟ. ಚೀನೀ ಸ್ಥಿತಿಯಲ್ಲಿ ಹೊಡೆದ ಅರ್ಧವಿರಾಮ, ಆವರಣ ಚಿಹ್ನೆಗಳು ಒಂದು ಇಡೀ ಅಕ್ಷರದಷ್ಟು ಅಗಲ, ಸಂಕೇತವೂ ಬೇರೆ. ಕಣ್ಣಿಗೆ ಸರಿಯಾಗಿಯೇ ಕಂಡ ಸಾಲು ಯಂತ್ರಕ್ಕೆ ತಪ್ಪಾಗುತ್ತದೆ. ಶಿಫ್ಟ್ ಒತ್ತಿ ಇಂಗ್ಲಿಷಿಗೆ ಬಂದು ಹೊಡೆಯುವುದೇ ಪರಿಹಾರ.

ಊಹೆ ಚೆನ್ನಾಗಿರಲಿ ಎಂದು ಹಲವು ತಂತ್ರಾಂಶಗಳು ನೀವು ಹೊಡೆದದ್ದನ್ನು ದೂರದ ಸರ್ವರಿಗೆ ಕಳಿಸುತ್ತವೆ. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2024ರಲ್ಲಿ ಒಂಬತ್ತು ಕಂಪನಿಗಳ ಪಿನ್‌ಯಿನ್ ತಂತ್ರಾಂಶಗಳನ್ನು ಪರೀಕ್ಷಿಸಿತು. ಎಂಟರಲ್ಲಿ ದಾರಿಯ ನಡುವೆ ಕೂತವರು ಒತ್ತಿದ ಕೀಲಿಗಳನ್ನು ಓದಬಹುದಾದ ದೋಷ ಸಿಕ್ಕಿತು. ಹೆಚ್ಚಿನ ಕಂಪನಿಗಳು ಆಮೇಲೆ ಸರಿಪಡಿಸಿದವು. ಬಳಸುವವರು ಮಾಡಬೇಕಾದದ್ದು ಎರಡು: ತಂತ್ರಾಂಶ ಹೊಸದಾಗಿಟ್ಟುಕೊಳ್ಳುವುದು, ಹೊಂದಿಕೆಗೆ ಹೋಗಿ ಕ್ಲೌಡ್ ಊಹೆಯನ್ನು, ಅಂದರೆ ದೂರದ ಸರ್ವರಿನ ಊಹೆಯನ್ನು, ನಿಲ್ಲಿಸುವುದು. ಪತ್ರ ಬರೆಯುವ ಕೈಯ ಹಿಂದೆಯೇ ಯಾರೋ ನಿಂತು ಓದುವುದನ್ನು ಸಹಜವೆಂದು ಒಪ್ಪಿಕೊಳ್ಳಬಾರದು.

ಬಾಯಲ್ಲಿ ಹೇಳಿ ಬರೆಸುವುದು ಈಗ ಬಹಳ ಹೆಚ್ಚಿದೆ. ಹೆಫೇಯ್ ನಗರದ ಐಫ್ಲೈಟೆಕ್ ಕಂಪನಿ 1999ರಲ್ಲಿ ಶುರುವಾದದ್ದೇ ಮಾತಿನ ತಂತ್ರಜ್ಞಾನಕ್ಕಾಗಿ. ಹಲವು ಪ್ರಾಂತ್ಯಗಳ ಮಾತುಗಳನ್ನೂ ಅದು ಗುರುತಿಸುತ್ತದೆ. ಇಲ್ಲೂ ಒಂದು ಗಂಟಿದೆ. ಅವನು, ಅವಳು, ಅದು ಮೂರಕ್ಕೂ ಉಚ್ಚಾರ "ಥಾ". ಬರವಣಿಗೆಯಲ್ಲಿ ಮಾತ್ರ ಮೂರು ಅಕ್ಷರ. "ಅವಳು" ಎಂಬ ಅಕ್ಷರಕ್ಕೆ ಈ ಅರ್ಥ ನೆಲೆಯೂರಿದ್ದೂ ಇತ್ತೀಚೆಗೆ; ಕವಿ ಲಿಯು ಬಾನ್‌ನೋಂಗ್ 1920ರಲ್ಲಿ ಅದರ ಪರವಾಗಿ ವಾದಿಸಿದರು. ಕಿವಿಗೆ ಕೇಳದ ಭೇದವನ್ನು ಯಂತ್ರ ಊಹಿಸಬೇಕಾಗಿ ಬಂದು, ಅಕ್ಕನ ಬಗ್ಗೆ ಹೇಳಿದ ಮಾತು ಅಣ್ಣನದಾಗುತ್ತದೆ.

ಆಕಾರ ಹಿಡಿದು ಕರೆಯುವುದು

ಓದಲು ಬಾರದ ಅಕ್ಷರವನ್ನು ಉಚ್ಚಾರಣೆಯಿಂದ ಕರೆಯಲಾಗದು. ಆಗ ಆಕಾರವೇ ಗತಿ. ಹೆನಾನ್ ಪ್ರಾಂತ್ಯದ ವಾಂಗ್ ಯೋಂಗ್‌ಮಿನ್ 1983ರಲ್ಲಿ ಪ್ರಕಟಿಸಿದ ವುಬಿ ಪದ್ಧತಿ ಈ ಬಗೆಯಲ್ಲಿ ಅತ್ಯಂತ ಹೆಸರುವಾಸಿ. ವುಬಿ ಎಂದರೆ ಐದು ಗೆರೆ: ಅಡ್ಡ, ಉದ್ದ, ಎಡಕ್ಕೆ ಇಳಿಯುವುದು, ಚುಕ್ಕೆ ಅಥವಾ ಬಲಕ್ಕೆ ಇಳಿಯುವುದು, ಮಡಚುವುದು. ಯಾವ ಅಕ್ಷರವಾದರೂ ಈ ಐದರಿಂದಲೇ ಆಗುತ್ತದೆ. ಝೆಡ್ ಬಿಟ್ಟು ಉಳಿದ 25 ಕೀಲಿಗಳನ್ನು ಐದು ವಲಯ ಮಾಡಿ, ಅಕ್ಷರದ ಬಿಡಿಭಾಗಗಳನ್ನು ಅವುಗಳ ಮೊದಲ ಗೆರೆಗೆ ತಕ್ಕಂತೆ ಸಾಮಾನ್ಯವಾಗಿ ಹಂಚಿದ್ದಾರೆ. ಅಡ್ಡಗೆರೆಯವು ಜಿ, ಎಫ್, ಡಿ, ಎಸ್, ಎ ಕೀಲಿಗಳಲ್ಲಿ, ಉದ್ದಗೆರೆಯವು ಎಚ್, ಜೆ, ಕೆ, ಎಲ್, ಎಂ ಕೀಲಿಗಳಲ್ಲಿ, ಹೀಗೆ.

"ಒಳ್ಳೆಯದು" ಎಂಬ ಅಕ್ಷರ ನೋಡಿ. ಎಡಗಡೆ ಹೆಣ್ಣು, ಬಲಗಡೆ ಮಗು. ಹೆಣ್ಣಿಗೆ ವಿ, ಮಗುವಿಗೆ ಬಿ. ಎರಡೇ ಭಾಗವಿರುವ ಇಂಥ ಅಕ್ಷರಗಳಿಗೆ ಕೊನೆಯಲ್ಲಿ ಒಂದು ಗುರುತಿನ ಕೀಲಿ ಸೇರಿಸಬೇಕು. ಕೊನೆಯ ಗೆರೆ ಯಾವುದು, ಭಾಗಗಳು ಅಕ್ಕಪಕ್ಕ ಇವೆಯೋ ಮೇಲೆ ಕೆಳಗೆ ಇವೆಯೋ ಎರಡನ್ನೂ ಅದು ಹೇಳುತ್ತದೆ. ಇಲ್ಲಿ ಕೊನೆಯದು ಅಡ್ಡಗೆರೆ, ಜೋಡಣೆ ಅಕ್ಕಪಕ್ಕ. ಆದ್ದರಿಂದ ಜಿ. ಪೂರ್ಣ ಸಂಕೇತ ವಿ-ಬಿ-ಜಿ. ಕಲಿಯುವವರು ಹೈರಾಣಾಗುವುದು ಈ ಗುರುತಿನ ಕೀಲಿಯಲ್ಲೇ, ಏಕೆಂದರೆ ಕೊನೆಯ ಗೆರೆ ಯಾವುದೆಂದು ತಿಳಿಯಲು ಬರೆಯುವ ಕ್ರಮ ನಿಖರವಾಗಿ ಗೊತ್ತಿರಬೇಕು. ಅಪ್ಪಟ ಬಳಕೆಯ 25 ಅಕ್ಷರಗಳಿಗೆ ಒಂದೊಂದೇ ಕೀಲಿ ಸಾಕು: ಕ್ಯೂ ಎಂದರೆ ನಾನು, ಡಬ್ಲ್ಯೂ ಎಂದರೆ ಮನುಷ್ಯ. ಎಷ್ಟೇ ಜಟಿಲವಾದ ಅಕ್ಷರಕ್ಕೂ ನಾಲ್ಕು ಕೀಲಿ ಮೀರುವುದಿಲ್ಲ. "ಚೀನಾ" ಎಂಬ ಎರಡಕ್ಷರದ ಪದಕ್ಕೂ ನಾಲ್ಕೇ: ಕೆ, ಎಚ್, ಎಲ್, ಜಿ.

ವುಬಿಯಲ್ಲಿ ಆಯ್ಕೆಯ ಹಂತ ಬಹುತೇಕ ಇಲ್ಲ. ಕರೆದವನೊಬ್ಬನೇ ಎದ್ದು ನಿಲ್ಲುತ್ತಾನೆ. ಅದಕ್ಕೇ ವೃತ್ತಿಪರ ಟೈಪಿಸ್ಟರು ಪರದೆ ನೋಡದೆ ಹೊಡೆಯುತ್ತಿದ್ದರು. 1990ರ ದಶಕದಲ್ಲಿ ವುಬಿ ತರಬೇತಿ ಒಂದು ಉದ್ಯೋಗದ ದಾರಿಯಾಗಿತ್ತು. ಪಿನ್‌ಯಿನ್ ತಂತ್ರಾಂಶಗಳ ಊಹೆ ಚುರುಕಾದಂತೆ, ವಾರಗಟ್ಟಲೆ ಬಾಯಿಪಾಠ ಮಾಡುವ ವ್ಯವಧಾನ ಯಾರಿಗೂ ಉಳಿಯಲಿಲ್ಲ. ತೈವಾನಿನಲ್ಲಿ ಕಥೆಯೇ ಬೇರೆ; ಅಲ್ಲಿ ಶಾಲೆಯಲ್ಲಿ ಕಲಿಸುವ, ಉಚ್ಚಾರಣೆ ಸೂಚಿಸುವ 37 ಚಿಹ್ನೆಗಳ ಝುಯಿನ್ ಕೀಲಿಮಣೆಯ ಮೇಲೇ ಅಚ್ಚಾಗಿರುತ್ತದೆ. ಆಕಾರದ ಪದ್ಧತಿಗಳಲ್ಲಿ ಹಿರಿಯದಾದ, 1976ರ ತ್ಸಾಂಗ್‌ಜಿಯೆ ಕೂಡ ಅಲ್ಲಿಯದೇ. ಹಾಂಗ್‌ಕಾಂಗಿನಲ್ಲಿ ಅದು ಇಂದಿಗೂ ಜೀವಂತ.

ಕರೆದು ಆರಿಸುವ ಈ ಯೋಚನೆ ಕಂಪ್ಯೂಟರಿಗಿಂತ ಹಳೆಯದು. 19ನೇ ಶತಮಾನದ ಕೊನೆಯಲ್ಲಿ ತಂತಿ ಕಳಿಸಲು ಪ್ರತಿ ಅಕ್ಷರಕ್ಕೂ ನಾಲ್ಕಂಕಿಯ ಸಂಖ್ಯೆ ಕೊಟ್ಟರು. "ನಡು" ಎಂಬ ಅಕ್ಷರಕ್ಕೆ 0022. ಹಾಂಗ್‌ಕಾಂಗಿನ ಗುರುತಿನ ಚೀಟಿಯಲ್ಲಿ ಹೆಸರಿನ ಜೊತೆ ಈ ಸಂಖ್ಯೆಗಳನ್ನು ಈಗಲೂ ಅಚ್ಚು ಹಾಕುತ್ತಾರೆ. ಚೀನೀ ಟೈಪ್‌ರೈಟರಿನಲ್ಲಿ ಕೀಲಿಗಳೇ ಇರಲಿಲ್ಲ, ತಟ್ಟೆಯೊಂದರಲ್ಲಿ ಸುಮಾರು 2,500 ಅಚ್ಚುಮೊಳೆಗಳಿದ್ದವು. 1950ರ ದಶಕದಲ್ಲಿ ಟೈಪಿಸ್ಟರು ಜೊತೆಯಾಗಿ ಬರುವ ಅಕ್ಷರಗಳನ್ನು ಅಕ್ಕಪಕ್ಕ ಜೋಡಿಸಿಕೊಂಡು ವೇಗ ಹೆಚ್ಚಿಸಿಕೊಂಡರು. ಇಂದಿನ ಊಹೆಯ ಬೇರು ಆ ತಟ್ಟೆಯಲ್ಲಿದೆ. 1947ರಲ್ಲಿ ಲೇಖಕ ಲಿನ್ ಯುಟಾಂಗ್ ನ್ಯೂಯಾರ್ಕಿನಲ್ಲಿ ತೋರಿಸಿದ ಮಿಂಗ್‌ಕ್ವಾಯ್ ಯಂತ್ರಕ್ಕೆ 72 ಕೀಲಿ. ಎರಡು ಕೀಲಿ ಒತ್ತಿ ಆಕಾರ ಸೂಚಿಸಿದರೆ ಒಂದು ಪುಟ್ಟ ಕಿಂಡಿಯಲ್ಲಿ ಎಂಟರವರೆಗೆ ಅಕ್ಷರಗಳು ಕಾಣುತ್ತಿದ್ದವು, ಮೂರನೆಯ ಒತ್ತಿನಲ್ಲಿ ಆಯ್ಕೆ. ಇಂದಿನ ಪಟ್ಟಿಯ ಪೂರ್ವಜ ಅದೇ. ತಯಾರಾದದ್ದು ಒಂದೇ ಯಂತ್ರ. ಕಳೆದುಹೋಯಿತೆಂದೇ ತಿಳಿದಿದ್ದ ಅದು 2025ರಲ್ಲಿ ನ್ಯೂಯಾರ್ಕ್ ಕಡೆಯ ಮನೆಯೊಂದರ ನೆಲಮಾಳಿಗೆಯಲ್ಲಿ ಸಿಕ್ಕಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿತು.

ಕಂಪ್ಯೂಟರ್ ಬಂದಾಗ ಮೊದಲ ಅಡ್ಡಿ ಜಾಗ. 1980ರ ರಾಷ್ಟ್ರೀಯ ಸಂಕೇತಪಟ್ಟಿಯಲ್ಲಿ 6,763 ಅಕ್ಷರಗಳಿದ್ದವು. ಒಂದೊಂದನ್ನು 16×16 ಚುಕ್ಕೆಗಳಲ್ಲಿ ಬಿಡಿಸಿದರೂ 32 ಬೈಟ್ ಬೇಕು, ಒಟ್ಟು 2,16,416 ಬೈಟ್. ಅಂದಿನ ಎಷ್ಟೋ ಯಂತ್ರಗಳ ಇಡೀ ಸ್ಮರಣೆ ಅಷ್ಟಿರಲಿಲ್ಲ. ಹಾಗಾಗಿ ಅಕ್ಷರಗಳನ್ನು ಬೇರೆ ಕಾರ್ಡಿನಲ್ಲಿ ತುಂಬಿ ಒಳಗೆ ಸಿಕ್ಕಿಸುತ್ತಿದ್ದರು. ಎಂಜಿನಿಯರ್ ನಿ ಗುವಾಂಗ್‌ನಾನ್ ಅವರ ಕಾರ್ಡಿನಲ್ಲಿ ಒಂದು ಅಕ್ಷರ ಹೊಡೆದರೆ ಅದಕ್ಕೆ ಜೊತೆಯಾಗುವ ಅಕ್ಷರಗಳನ್ನು ತಾನೇ ಸೂಚಿಸುವ ಗುಣವಿತ್ತು. ಆ ಗುಣಕ್ಕೆ ಲಿಯಾನ್‌ಶಿಯಾಂಗ್ ಎಂದು ಹೆಸರು, ಅಂದರೆ ನೆನಪಿನ ಜೋಡಣೆ. ಲೆನೊವೊ ಕಂಪನಿಯ ಚೀನೀ ಹೆಸರು ಇಂದಿಗೂ ಅದೇ.

ತಪ್ಪೇ ಪದವಾದಾಗ, ಕೈಯೇ ಮರೆತಾಗ

ಅವಸರದಲ್ಲಿ ಮೊದಲ ಉಮೇದುವಾರನನ್ನೇ ಒಪ್ಪಿಕೊಂಡದ್ದರಿಂದ ಹುಟ್ಟಿದ ಪದಗಳು ಭಾಷೆಯಲ್ಲಿ ನೆಲೆಸಿಬಿಟ್ಟಿವೆ. ದುರಂತಕ್ಕೂ ಲೋಟಗಳಿಗೂ ಒಂದೇ ಉಚ್ಚಾರವಾದ್ದರಿಂದ ಹುಡುಗರು ತಮ್ಮ ಪಾಡನ್ನು "ಲೋಟ" ಎಂದು ಬರೆಯತೊಡಗಿದರು. ಚರ್ಚಾಕಟ್ಟೆಯ ಮೇಲ್ವಿಚಾರಕ "ಚುಕ್ಕೆ ಬಿದಿರು" ಆದ, ನಿಪುಣ "ದೊಡ್ಡ ಸಿಗಡಿ"ಯಾದ, ಸಹಪಾಠಿ "ಮಗುವಿನ ಬೂಟು" ಆದ. ಶ್ಲೇಷೆ ಚೀನೀಯರಿಗೆ ಹೊಸದಲ್ಲ. ಹೊಸವರ್ಷದ ಊಟಕ್ಕೆ ಮೀನು ಬೇಕೇಬೇಕು, ಏಕೆಂದರೆ ಮೀನು, ಸಮೃದ್ಧಿ ಎರಡಕ್ಕೂ ಒಂದೇ ಉಚ್ಚಾರ. ಕೀಲಿಮಣೆ ಆ ಹಳೆಯ ಆಟಕ್ಕೆ ಹೊಸ ಅಂಗಳ ಕೊಟ್ಟಿತು.

ನಷ್ಟವೂ ಇದೆ. ಆರನೇ ತರಗತಿ ಮುಗಿಸುವಷ್ಟರಲ್ಲಿ ಮಗು ಸುಮಾರು 3,000 ಅಕ್ಷರ ಗುರುತಿಸಬೇಕು, 2,500 ಬರೆಯಬೇಕು. ವರ್ಷಗಟ್ಟಲೆ ಒಂದೊಂದನ್ನೂ ಹತ್ತಾರು ಸಲ ತೀಡಿ ಕಲಿತದ್ದು, ಪಿನ್‌ಯಿನ್ ಹೊಡೆಯುವ ಹತ್ತು ವರ್ಷದಲ್ಲಿ ಕೈಯಿಂದ ಜಾರುತ್ತದೆ. ನೋಡಿದರೆ ಗೊತ್ತಾಗುತ್ತದೆ, ಬರೆಯಲು ಹೋದರೆ ನಡುವಿನ ಗೆರೆ ನೆನಪಾಗುವುದಿಲ್ಲ. "ಪೆನ್ನೆತ್ತಿದರೆ ಅಕ್ಷರ ಮರೆವು" ಎಂದು ಇದಕ್ಕೊಂದು ನಾಲ್ಕಕ್ಷರದ ಮಾತೇ ಇದೆ. ಕಾರಣ ಸರಳ: ಆಯ್ಕೆಗೆ ಗುರುತು ಸಾಕು, ಬರವಣಿಗೆಗೆ ಪೂರ್ತಿ ನೆನಪು ಬೇಕು. ಕಾಲೇಜು ಪ್ರವೇಶದ ಪರೀಕ್ಷೆಯನ್ನು ಈಗಲೂ ಕೈಯಲ್ಲೇ ಬರೆಯಬೇಕಾದ್ದರಿಂದ ಹದಿನೆಂಟರವರೆಗೆ ಕೈ ಪಳಗಿರುತ್ತದೆ, ಮರೆವು ಶುರುವಾಗುವುದು ಆಮೇಲೆ. 2013ರಲ್ಲಿ ಕೇಂದ್ರ ದೂರದರ್ಶನ ನಡೆಸಿದ ಅಕ್ಷರ ಬರೆಯುವ ಸ್ಪರ್ಧೆಯನ್ನು ದೇಶವೇ ಕೂತು ನೋಡಿತು. ಕನ್ನಡದಲ್ಲಿ ಕಾಗುಣಿತ ಗೊತ್ತಿದ್ದವನು ಹೊಸ ಪದವನ್ನೂ ಬರೆದುಬಿಡುತ್ತಾನೆ, ಹಾಗಾಗಿ ಈ ನೋವಿನ ಆಳ ನಮಗೆ ಥಟ್ಟನೆ ಅರಿವಾಗುವುದಿಲ್ಲ.

ಕರೆದರೂ ಬಾರದ ಹೆಸರುಗಳು

ಕರೆಯಲು ಪಟ್ಟಿಯಲ್ಲಿ ಹೆಸರಿರಬೇಕು. 1998ರಿಂದ 2003ರವರೆಗೆ ಪ್ರಧಾನಿಯಾಗಿದ್ದ ಝು ರೋಂಗ್‌ಜಿ ಅವರ ಹೆಸರಿನ ನಡುವಿನ ಅಕ್ಷರವೇ 1980ರ ಪಟ್ಟಿಯಲ್ಲಿರಲಿಲ್ಲ. ಎಷ್ಟೋ ಕಡೆ ಅದನ್ನು ಎಡಭಾಗದ "ಲೋಹ", ಬಲಭಾಗದ "ರೋಂಗ್" ಎಂದು ಎರಡಾಗಿ ಒಡೆದು ಆವರಣದಲ್ಲಿ ಹಾಕುತ್ತಿದ್ದರು. ಪ್ರಧಾನಿಗೇ ಹೀಗಾದರೆ ಹಳ್ಳಿಯ ರೈತನ ಪಾಡೇನು! ತಾತ ಹಳೆಯ ಗ್ರಂಥ ತಿರುವಿ ಮೊಮ್ಮಗನಿಗೆ ಇಟ್ಟ ಅಪರೂಪದ ಅಕ್ಷರ ಬ್ಯಾಂಕಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಕಚೇರಿ ಆ ಅಕ್ಷರವನ್ನು ತಾನೇ ಬಿಡಿಸಿ ಖಾಸಗಿ ಸಂಕೇತವೊಂದರಲ್ಲಿ ಇಟ್ಟುಕೊಂಡಿರುತ್ತದೆ. ಇನ್ನೊಂದು ಕಚೇರಿಯ ಪರದೆಯಲ್ಲಿ ಆ ಜಾಗದಲ್ಲಿ ಖಾಲಿ ಚೌಕ ಕಾಣುತ್ತದೆ. ಹೆಸರು ತಾಳೆಯಾಗದೆ ಫೋನ್ ಪಾವತಿ, ಆಸ್ಪತ್ರೆ ನೋಂದಣಿ, ವಿಮೆ ಎಲ್ಲ ನಿಲ್ಲುತ್ತವೆ. ಚೀನಾದ ಅಲ್ಪಸಂಖ್ಯಾತ ಸಮುದಾಯವಾದ ಉಯ್ಗುರರ ಹೆಸರುಗಳ ನಡುವಿನ ಚುಕ್ಕೆಗೂ ಇದೇ ಗತಿ. ನೋಡಲು ಒಂದೇ ರೀತಿಯಿರುವ, ಸಂಕೇತ ಬೇರೆಯಿರುವ ಚುಕ್ಕೆಗಳು ಹಲವು.

2023ರ ಆಗಸ್ಟ್ 1ರಿಂದ ಜಾರಿಯಾದ ಹೊಸ ಸಂಕೇತಪಟ್ಟಿಯಲ್ಲಿ 87,887 ಅಕ್ಷರಗಳಿವೆ. ಪಟ್ಟಿ ಬೆಳೆದರೂ ಹಳೆಯ ಯಂತ್ರಗಳು, ಹಳೆಯ ದಾಖಲೆಗಳು ಒಮ್ಮೆಲೇ ಬದಲಾಗುವುದಿಲ್ಲ. ಅಲ್ಲಿಯವರೆಗೆ ಉಪಾಯಗಳೇ ಗತಿ. ಸೋಗೋದಲ್ಲಿ ಮೊದಲು ಯು ಹೊಡೆದು ನಂತರ ಅಕ್ಷರದ ಭಾಗಗಳ ಹೆಸರು ಹೊಡೆಯಬಹುದು. ಮೂರು ಎತ್ತುಗಳನ್ನು ಪೇರಿಸಿದಂತಿರುವ, "ಓಟ" ಎಂಬ ಅರ್ಥದ ಅಕ್ಷರಕ್ಕೆ ಯು, ಆಮೇಲೆ ನಿಯು, ನಿಯು, ನಿಯು. ರೈಲು ಟಿಕೆಟಿನ 12306 ತಾಣದಲ್ಲಿ ಹೊಡೆಯಲಾಗದ ಅಕ್ಷರದ ಜಾಗದಲ್ಲಿ ಅದರ ಪಿನ್‌ಯಿನ್ ಹಾಕಲು ಅವಕಾಶವಿದೆ. ಬಾಯಲ್ಲಿ ಹೇಳುವಾಗ ಜನ ಹಿಂದಿನಂತೆಯೇ ಅಕ್ಷರ ಬಿಡಿಸಿ ಹೇಳುತ್ತಾರೆ: "ಮರ, ಮಗು ಸೇರಿದ ಲಿ", "ಬಿಲ್ಲು, ಉದ್ದ ಸೇರಿದ ಝಾಂಗ್". ಫೋನಿನಲ್ಲಿ ವಿಳಾಸ ಬರೆದುಕೊಳ್ಳುವ ಕೊರಿಯರ್ ಹುಡುಗನಿಗೆ ಇಂದಿಗೂ ಇದು ದಿನದ ಮಾತು.

ವೈದ್ಯಕೀಯ ಓದಲು, ವ್ಯಾಪಾರಕ್ಕೆ ಹೋಗುವ ಕನ್ನಡಿಗರಿಗೂ ಈ ತಾಳೆಯ ಸಮಸ್ಯೆ ಎದುರಾಗುತ್ತದೆ. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ, ಊರು-ತಂದೆಯ ಹೆಸರು ಎಲ್ಲ ಒಂದೇ ಸಾಲಿನಲ್ಲಿ. ಅಲ್ಲಿನ ಬ್ಯಾಂಕ್ ಗುಮಾಸ್ತೆ ಅದನ್ನು ಅಂತರ ಬಿಟ್ಟೋ ಬಿಡದೆಯೋ, ದೊಡ್ಡ ಅಕ್ಷರದಲ್ಲೋ, ಹಿಂದುಮುಂದಾಗಿಯೋ ಹೊಡೆದಿರಬಹುದು. ಪಾವತಿ ಆ್ಯಪಿಗೆ ಖಾತೆ ಜೋಡಿಸುವಾಗ ಪಾಸ್‌ಪೋರ್ಟ್ ನೋಡಿ ಹೆಸರು ಹಾಕಿದರೆ ತಾಳೆಯಾಗದೆ ತಿರಸ್ಕಾರವಾಗುವ ಸಂಭವ ಹೆಚ್ಚು. ಖಾತೆ ತೆರೆದ ದಿನವೇ ಬ್ಯಾಂಕಿನ ಮುದ್ರಿತ ಚೀಟಿ ಕೇಳಿ ಪಡೆಯಿರಿ. ಅದರಲ್ಲಿ ಹೆಸರು ಪಾಸ್‌ಪೋರ್ಟಿನಂತೆ ಇಲ್ಲದಿದ್ದರೆ ಅಲ್ಲೇ ತಿದ್ದಿಸಿ. ತಿದ್ದಿಸಲಾಗದಿದ್ದರೆ ಅಂತರ, ಕ್ರಮ, ದೊಡ್ಡ ಅಕ್ಷರ ಯಾವುದನ್ನೂ ಬದಲಿಸದೆ ಚೀಟಿಯಲ್ಲಿ ಇದ್ದ ಹಾಗೆಯೇ ಆ್ಯಪಿನಲ್ಲಿ ಹೊಡೆಯಿರಿ. ಮುಂದೆ ಫೋನಿನ ಸಿಮ್ ಕೊಳ್ಳುವಾಗಲೂ ಅದೇ ಚೀಟಿಯನ್ನು ಕೌಂಟರಿನವರ ಮುಂದಿಡಿ.